ತಾಲಿಯಾ ಬೇಡ

ಬೋಲ್ಗಾದಿಂದ ರಾತ್ರಿ ಬಸ್ಸು. ಕುಮಾಸಿಯಲ್ಲಿ ಇಳಿದಾಗ
ಬೆಳಗಿನ ಐದು. ಕೈಯಲ್ಲೊಂದು ಗಾರಿಯ ಡಬ್ಬ,
ಅಮ್ಮ ಕುದಿಸಿ ತುಂಬಿಕೊಟ್ಟ ಶಿಟೋ ಬಾಟಲಿ.
ಎಣ್ಣೆ ಸೋರಿ ಪ್ರವೇಶಪತ್ರದ ಒಂದು ಮೂಲೆಯಲ್ಲಿ
ಆಚೆಯದು ಈಚೆಗೆ ಕಾಣುತ್ತಿತ್ತು.
ಗುಮಾಸ್ತ ಅದನ್ನೆತ್ತಿ ಬೆಳಕಿಗೆ ಹಿಡಿದ, ಮೂಸಿದ,
"ಹಸಿವಾಯಿತಲ್ಲಮ್ಮ" ಎಂದ.
ನಾನು ಕ್ಷಮೆ ಕೇಳಿದೆ.
ನಗಬೇಕಿತ್ತೆಂದು ಹೊಳೆದದ್ದು ಮೂರನೇ ದಿನ.

ನಾಲ್ಕು ಮಂಚದ ಕೋಣೆ, ಆರು ಜನ.
ಇಬ್ಬರು ಲೆಕ್ಕದಲ್ಲಿಲ್ಲ; ಅಂಥವರನ್ನಿಲ್ಲಿ
ಕೊಂಬೆಗೆ ಬಂದು ಕೂತ ಹಕ್ಕಿಗಳೆನ್ನುತ್ತಾರೆ.
ಮಂಚ ನನ್ನದೇ. ರಸೀದಿ ಇದೆ. ಆದರೂ
ಜಾಗ ಕೇಳದೆ ಬಂದ ಅರಾಬಾ
ಅಡ್ಡಡ್ಡ ಮಲಗಿ ಗೊರಕೆ ಹೊಡೆವಾಗ
ಗೋಡೆಗಂಟಿ ಒಂದು ಗೇಣಿನಲ್ಲಿ ಮುದುಡುವವಳು ನಾನು,
ಹಕ್ಕಿಯೂ ಅಲ್ಲ, ಮೊಟ್ಟೆ.

ಹಾಜರಿ. ನಾಲ್ಕುನೂರು ಮಂದಿಯ ಸಭಾಂಗಣ.
ಅಯಿನ್‌ಪೋಕಾ ನನ್ನ ಹೆಸರು.
ಮೇಷ್ಟ್ರ ಕನ್ನಡಕ ಅದರ ಮೊದಲರ್ಧ ಹಾರಿಸಿ
ಪೋಕು ಎಂದು ಓದಿತು.
ಪೋಕು ಈ ಊರಿನ ಹೆಸರು, ಗಂಡಸಿನದು.
ನಿಜದ ಪೋಕು ಒಬ್ಬ ಕಿಟಕಿಯ ಬಳಿ ಕೈಯೆತ್ತಿದ.
ನಾನೂ ಎತ್ತಿದೆ, ಅರ್ಧ.
ಮೇಷ್ಟ್ರಿಗೆ ಒಂದು ಕೈ ಸಾಕಾಯಿತು.
ಹೀಗೆ ವಾರಗಟ್ಟಲೆ ಇದ್ದೂ ಇಲ್ಲದವಳು,
ಎದುರಿನ ಸಾಲಲ್ಲೇ ಕೂತು
ಸೂಕ್ಷ್ಮಜೀವಿಗಳಿಗೆ ಬಾಲ ಬಿಡಿಸುತ್ತ.

ಶನಿವಾರ ಅಮ್ಮನ ಫೋನು. ಹುಲ್ಲಿನೆಳೆ ಹಲ್ಲಲ್ಲಿ ಕಚ್ಚಿ
ಬುಟ್ಟಿ ಹೆಣೆಯುತ್ತಲೇ ಮಾತಾಡುವವಳು.
"ಗೆಳತಿಯರು?"
ನೋಟೀಸು ಬೋರ್ಡು ನೋಡಿ ಓದಿದೆ: ಸೆಲಾಸಿ, ಡೆಡೆ, ಅಬ್ರಫಿ.
"ಸೆಲಾಸಿ ಎಂಥವಳು?"
"ಒಳ್ಳೆಯವಳು. ಮಾತು ಕಡಿಮೆ."
ಆಮೇಲೆ ಇಬ್ಬರೂ ಸುಮ್ಮನಾದೆವು.
ನಮ್ಮ ಮನೆಯಲ್ಲಿ ಸುಮ್ಮನಿದ್ದರೆ
ಯಾರೂ ಕಾರಣ ಕೇಳುವುದಿಲ್ಲ.

ನವೆಂಬರಿನಲ್ಲಿ ಗಾರಿ ಡಬ್ಬದ ತಳ ಕಂಡಿತು.
ಇನ್ನು ಗೇಟಿನಾಚೆ ಆಂಟಿ ಸೆರ್ವಾಳ ವಾಚೆಯ ಸಾಲೇ ಗತಿ:
ಎಲೆಯ ಮೇಲೆ ಅನ್ನ ಅಲಸಂದೆ, ಆಮೇಲೆ ಸೌಟಿಗೊಂದು ಪ್ರಶ್ನೆ,
ಟ್ವಿ ಭಾಷೆಯಲ್ಲಿ, ಲಾರಿಗಳ ಹಾರನ್ನಿಗಿಂತ ಜೋರಾಗಿ.
ಅರಾಬಾಳಿಂದ ಮೂರು ವಾಕ್ಯ ಕಲಿತು
ದಾರಿಯುದ್ದ ಕಡಲೆಯಂತೆ ಬಾಯಲ್ಲಿ ಹೊರಳಿಸಿಕೊಂಡು ಹೋದೆ.
ಸರದಿ ಬಂತು. ಮೂರನ್ನೂ ನುಂಗಿದೆ.
ಮೊಟ್ಟೆ? ತಲೆಯಾಡಿಸಿದೆ. ಇನ್ನೊಂದು? ಆಡಿಸಿದೆ.
ಗಾರಿ? ಅಯ್ಯೋ, ಮತ್ತೆ ಗಾರಿ. ಆಡಿಸಿದೆ.
ತಾಲಿಯಾ, ಆ ತಣ್ಣನೆಯ ಬಿಳಿ ಶ್ಯಾವಿಗೆ,
ಎರೆಹುಳುವಿನ ತಮ್ಮ, ಅದಕ್ಕೂ.
ಹದಿನೆಂಟು ಸೆಡಿ ತೆತ್ತು
ಕಾಡುಬಾದಾಮಿಯ ನೆರಳಲ್ಲಿ ಕೂತು
ಒಂದೊಂದೇ ಎಳೆ ಹೊರಗೆಳೆದು ಇರುವೆಗಳಿಗೆ ಬಡಿಸಿದೆ.
ದಿನಾಲೂ.

ಜನವರಿ. ಬಡಗಣ ಹರ್ಮಟನ್ ಗಾಳಿ.
ನಮ್ಮೂರ ಧೂಳು ವಿಳಾಸ ಹುಡುಕಿಕೊಂಡು ಬಂದು
ನನ್ನ ಪುಸ್ತಕದ ಮೇಲೆ ಕೂತಿತು.
ನಕ್ಕರೆ ತುಟಿ ಒಡೆಯುತ್ತದೆಂದು ಎಲ್ಲರೂ ಕಡಿಮೆ ನಗುವ ಕಾಲ,
ನನಗೆ ಹಿತ.
ಆ ದಿನ ಪರ್ಸಿನಲ್ಲಿ ಒಂಬತ್ತೇ ಸೆಡಿ.
ಸೌಟು ತಾಲಿಯಾದತ್ತ ಬಾಗಿತು.

"ದಾಬಿ."

ಬೇಡ ಅಂದವರು ಯಾರೆಂದು ಹಿಂದೆ ತಿರುಗಿ ನೋಡಿದೆ.
ಆಂಟಿ ಸೆರ್ವಾ ಸೌಟು ಕೆಳಗಿಟ್ಟಳು.
"ಎರಡು ತಿಂಗಳಿಂದ ಹಾಕುತ್ತಿದ್ದೇನೆ,
ಬಾಯಿರಲಿಲ್ಲವೇನೇ ನಿನಗೆ?"
ಸಾಲಿಗೆ ಸಾಲೇ ನಕ್ಕಿತು. ನೆಲ ಬಿರಿಯಲಿಲ್ಲ.
ಬಿರಿದದ್ದು ನನ್ನ ತುಟಿ; ನಾನೂ ನಕ್ಕಿದ್ದೆ.
ಉಪ್ಪುಪ್ಪು ನೆತ್ತರು.

"ಹೆಸರು?"
ಹೇಳಿದೆ.
"ಅಯಿಂಪೂಕಾ?"
"ಪೋ," ಅಂದೆ. "ಪೋಕಾ."
ಹಿಂದಿನಿಂದ ಒಂದು ದನಿ, ಕೈಯಲ್ಲಿ ತಟ್ಟೆ:
"ಹಾಗಾದರೆ ನೀನು ಪೋಕು ಅಲ್ಲವಾ?
ನನ್ನ ಹೆಸರಿಗೆ ಕೈಯೆತ್ತುತ್ತೀಯಲ್ಲ,
ನಂಟಸ್ತಿಕೆ ಇರಬೇಕು ಅಂದುಕೊಂಡಿದ್ದೆ."

ಸೋಮವಾರ ಮೇಷ್ಟ್ರು ಮತ್ತೆ ಪೋಕು ಅಂದರು.
ಅವನು ಕೈಯೆತ್ತಿದ, ಇಳಿಸಿದ.
ಮೇಷ್ಟ್ರು ಪುಟ ತಿರುವಿ ಇನ್ನೊಮ್ಮೆ, ಪೋಕು?
ಅವನು ಈ ಸಲ ಎತ್ತಲಿಲ್ಲ. ನನ್ನ ಕಡೆ ನೋಡಿದ.
ಫ್ಯಾನು ತಿರುಗುತ್ತಿತ್ತು. ನಾಲ್ಕುನೂರು ಜನ.
ಒಡೆದ ತುಟಿಯನ್ನು ನಾಲಿಗೆಯಿಂದ
ಒಮ್ಮೆ ಸವರಿಕೊಂಡೆ.